ಆಸ್ಮಾಳ ದವಡೆಯ ಚೂರು

ಇದನ್ನು ಡಾಕ್ಟರಿಗೂ ಹೇಳಿಲ್ಲ. ನಾನು ಕಲಬುರಗಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಪರೇಷನ್ ಥಿಯೇಟರಿನ ನರ್ಸ್. ಕಮಲಾಪುರದ ಆಸ್ಮಾಳ ಅಗಲ ದವಡೆಯನ್ನು ಕೊಯ್ದು ಸಪೂರ ಮಾಡಿದ ದಿನ ಡಾಕ್ಟರ ಕೈಗೆ ಸಣ್ಣ ಗರಗಸ ಕೊಟ್ಟವಳು ನಾನೇ, ತೆಗೆದ ಎಲುಬಿನ ಚೂರನ್ನು ಹಳದಿ ಚೀಲಕ್ಕೆ ಹಾಕಿದವಳೂ ನಾನೇ. ಆ ಚೀಲ ಭಟ್ಟಿಗೆ ಹೋಗಿ ಸುಟ್ಟು ಬೂದಿಯಾಗುತ್ತದೆ.

ಮರುದಿನ ಅವಳ ತಾಯಿ ಇಮಾಮಬಿ ನನ್ನ ಕೈ ಹಿಡಿದರು. "ಸಿಸ್ಟರ್, ಆ ಎಲುಬು ಕೊಡ್ರಿ. ತೀರಿಕೊಂಡ ಅಪ್ಪನ ದವಡಿನೇ ಆಕಿಗೆ ಬಂದಿತ್ತು. ಅವರ ಗೋರಿ ಬಾಜೂಕ ಮಣ್ಣು ಮಾಡಸ್ತೀವಿ. ನಮ್ಮಲ್ಲಿ ಸುಡಬಾರದ್ರಿ."

ಚೀಲ ಆಗಲೇ ಹೋಗಿತ್ತು. ಹಾಗೆನ್ನಲು ಬಾಯಿ ಬರಲಿಲ್ಲ. ಪ್ಲಾಸ್ಟರಿನ ಚೂರೊಂದನ್ನು ಬಟ್ಟೆಯಲ್ಲಿ ಸುತ್ತಿ, ಇದೇ ಎಲುಬು ಎಂದು ಕೊಟ್ಟೆ.

ಹದಿನೈದು ದಿನಕ್ಕೆ ತಾಯಿ ಮಗಳು ತಪಾಸಣೆಗೆ ಬಂದರು. ಗಾಯ ಕೂಡಿತ್ತು. ಜ್ವರವಿಲ್ಲ, ಕೀವಿಲ್ಲ, ಎಕ್ಸ್‌ರೇ ಸರಿಯಿತ್ತು.

"ಉರಿ ತಡಕೊಳ್ಳಾಕ ಆಗವಲ್ದು ಸಿಸ್ಟರ್. ಬಾಯಿತುಂಬ ಹೊಗಿ ವಾಸನಿ," ಎಂದಳು ಆಸ್ಮಾ.

ಮುಟ್ಟಿ ನೋಡಿದೆ. ದವಡೆ ಬಾವಿಯ ಕಲ್ಲಿನ ಹಾಗೆ ತಣ್ಣಗಿತ್ತು. ಕೈ ತೆಗೆದಾಗ ಬೆರಳ ತುದಿಗೆ ಬೂದಿ ಅಂಟಿತ್ತು.

"ಉರಿ ಆರಲಿ ಅಂತ ದಿನಾ ಆಕಿ ತಮ್ಮನ ಕೈಲೆ ಎಲುಬು ಹುಗಿದ ಮಣ್ಣಿಗೆ ಒಂದು ಕೊಡ ನೀರು ಹಾಕಸ್ತೀನ್ರಿ," ಎಂದರು ಇಮಾಮಬಿ. "ಎರಡು ಹಾಕಸ್ಲೇನ್ರಿ?"

"ಹಾಕಸ್ರಿ," ಎಂದೆ.