ಬೆನ್ನು ತಿರುಗಿಸಿ ನಿಂತ ಅಮ್ಮ

“ಎಲ್ಲೇ ನಿಮ್ಮಮ್ಮ?” ಕನ್ನಡಕ ರೇಸ್ ಟ್ರ್ಯಾಕಿನ ಬೇಲಿಗೆ ಮೂಗು ಒತ್ತಿಕೊಂಡು ಕೇಳಿದ.

“ಅಲ್ನೋಡೋ! ಕಿತ್ತಳೆ ಡ್ರೆಸ್ಸು, ಹಳದಿ ಬಾವುಟ!” ಎಂದಳು ಗುಡುಗು.

ಈ ಗುಡುಗು ಮೋಡದಿಂದ ಬಂದದ್ದಲ್ಲ, ಐದನೇ ಕ್ಲಾಸಿನ ಕೊನೇ ಬೆಂಚಿನಿಂದ ಬಂದದ್ದು. ಅವಳು ಬಾಯಿ ತೆರೆದರೆ ಪಕ್ಕದ ಬೀದಿಯ ನಾಯಿಗಳೂ ಬಾಲ ಮುದುರಿ ಮಂಚದಡಿ ಸೇರುತ್ತಿದ್ದವು. ಅವಳ ಪಕ್ಕ ಕೂರುವ ಕನ್ನಡಕನಿಗೆ ಗೊತ್ತಿದ್ದದ್ದು ಒಂದೇ ಮಾತು: “ಪ್ರೂಫ್ ಎಲ್ಲಿ?”

ಗುಡುಗಿನ ಅಮ್ಮ ವಾರವಿಡೀ ಟೈಲರ್. ಕಾರ್ ರೇಸ್ ಇದ್ದ ಭಾನುವಾರ ಮಾತ್ರ ಮಾರ್ಷಲ್. ಟ್ರ್ಯಾಕಿನ ತಿರುವಿನಲ್ಲಿ ನಿಂತು, ಮುಂದೆ ಅಪಾಯ ಕಂಡರೆ ಬಾವುಟ ಬೀಸಿ ಡ್ರೈವರುಗಳನ್ನು ಎಚ್ಚರಿಸುವ ಕೆಲಸ. ಅದಕ್ಕೊಂದು ಕ್ಲಬ್ಬೂ ಇತ್ತು. ಸಂಬಳ ಮಾತ್ರ ಇರಲಿಲ್ಲ.

“ಸಂಬಳ ಇಲ್ವಾ? ಮತ್ತೆ ಆ ಕ್ಲಬ್ ಸೇರಿದ್ರೆ ಲಾಭ ಏನು?” ಎಂದು ಕನ್ನಡಕ ಕ್ಲಾಸಿನಲ್ಲಿ ಕೇಳಿದ್ದ.

ಗುಡುಗು ಬಿಟ್ಟಳು ನೋಡಿ ರೈಲು! “ನಮ್ಮಮ್ಮ ಇಡೀ ಪ್ರಪಂಚದಲ್ಲೇ ಎಲ್ರಿಗಿಂತ ಹತ್ರದಿಂದ ರೇಸ್ ನೋಡ್ತಾರೆ! ಗೆದ್ದೋರು ಕಪ್ ತಗೊಳ್ಳೋಕೂ ಮುಂಚೆ ಅಮ್ಮಂಗೆ ಶೇಕ್‌ಹ್ಯಾಂಡ್ ಕೊಡ್ತಾರೆ!”

“ಹೌದಾ? ಸೋಮವಾರ ಎಲ್ಲರ ಮುಂದೆ ಬಂದು ಹೇಳು” ಎಂದುಬಿಟ್ಟರು ಟೀಚರ್. ಅದಕ್ಕೇ ಸಾಕ್ಷಿಯಾಗಿ ಕನ್ನಡಕನೂ ಬಂದಿದ್ದ. ಜೊತೆಗೆ ಬಂದ ತಾತ ಕುರ್ಚಿಯಲ್ಲೇ ನಿದ್ದೆಹೋಗಿದ್ದರು. ಕಾರುಗಳ ಸದ್ದಿಗೆ ಮೋಡಗಳೇ ಕಿವಿ ಮುಚ್ಚಿಕೊಂಡಿದ್ದವು. ಆದರೂ ತಾತನ ಗೊರಕೆಯದೇ ಮೇಲುಗೈ!

“ಏ ಗುಡುಗು, ಕಾರು ಆ ಕಡೆಯಿಂದ ಬರ್ತಿವೆ. ನಿಮ್ಮಮ್ಮ ಈ ಕಡೆ ತಿರುಗಿದಾರೆ. ಬೆನ್ನಲ್ಲಿ ರೇಸ್ ನೋಡ್ತಾರಾ?”

ಗುಡುಗು ಕಣ್ಣುಜ್ಜಿಕೊಂಡಳು. ನಿಜ! ಕಾರುಗಳು ಬಾಣದಂತೆ ಬರುತ್ತಿದ್ದರೆ ಅಮ್ಮ ಅವುಗಳಿಗೆ ಬೆನ್ನು ಹಾಕಿ ನಿಂತಿದ್ದಳು. ಎದುರಿಗೆ ನೀಲಿ ಬಾವುಟ ಹಿಡಿದ ಇನ್ನೊಬ್ಬ ಮಾರ್ಷಲ್, ಅವರ ಬೀದಿಯ ಬೇಕರಿ ಆಂಟಿ. ಅವರು ಮಾತ್ರ ಬರುವ ಕಾರುಗಳನ್ನೇ ನೋಡುತ್ತಿದ್ದರು. ಗುಡುಗಿನ ತಲೆ ಗೊಂದಲದ ಗೂಡಾಯಿತು. ಅಮ್ಮನಿಗೆ ಬೇಜಾರಾಗಿದೆಯಾ? ಭಯವಾ? ಇಲ್ಲ, ನಿಲ್ಲೋಕೇ ಬರಲ್ವಾ?

ಅಷ್ಟರಲ್ಲಿ ತಿರುವಿನ ಮುಂದೆ, ಅಮ್ಮ ನೋಡುತ್ತಿದ್ದ ಕಡೆಯೇ, ಒಂದು ಕೆಂಪು ಕಾರು ಬುಗುರಿಯಂತೆ ಗಿರಗಿರ ತಿರುಗಿ ಅಡ್ಡ ನಿಂತಿತು. ಅದನ್ನು ಕಂಡದ್ದೇ ತಡ, ಅಮ್ಮ ಹಳದಿ ಬಾವುಟ ಬೀಸತೊಡಗಿದಳು. ಹಿಂದಿನಿಂದ ಬರುತ್ತಿದ್ದ ಕಾರುಗಳು ನಿಧಾನವಾದವು. ಆದರೆ ಒಂದು ಬಿಳಿ ಕಾರು ಬ್ರೇಕ್ ಒತ್ತಿ ಜಾರಿತು. ಸೀದಾ ಅಮ್ಮನ ಬೆನ್ನಿನ ಕಡೆಗೇ!

ಗುಡುಗಿಗೆ ಕೂಗಬೇಕು ಅನ್ನಿಸಿತು. ಆ ದೊಡ್ಡ ಬಾಯಿಂದ ಚೂರೂ ಸದ್ದು ಬರಲಿಲ್ಲ.

ಪೀಈಈ! ಬೇಕರಿ ಆಂಟಿಯ ವಿಸಿಲ್.

ಅಮ್ಮ ತಿರುಗಿ ನೋಡಲೇ ಇಲ್ಲ. ಒಂದೇ ನೆಗೆತಕ್ಕೆ ಹಳೇ ಟೈರ್ ಪೇರಿಸಿದ ಗೋಡೆಯ ಹಿಂದಿದ್ದಳು. ಬಿಳಿ ಕಾರು ಜಲ್ಲಿಕಲ್ಲು ಚಿಮ್ಮಿಸಿಕೊಂಡು ಬಂದು ಅಲ್ಲೇ ಹೂತು ನಿಂತಿತು. ಧೂಳಿನೊಳಗೆ ಏನೂ ಕಾಣಲಿಲ್ಲ. ಗೋಡೆಯ ಮೇಲೆ ಹಳದಿ ಬಾವುಟವೊಂದು ಮಾತ್ರ ಅಲ್ಲಾಡುತ್ತಲೇ ಇತ್ತು.

ರೇಸ್ ಮುಗಿದ ಮೇಲೆ ಅಮ್ಮ, ಬೇಕರಿ ಆಂಟಿ ಇಬ್ಬರೂ ಬೇಲಿಯ ಹತ್ತಿರ ಬಂದರು. ಮೈಯೆಲ್ಲ ಧೂಳು. ಬೇಕರಿ ಆಂಟಿಯಂತೂ ಹಿಟ್ಟಿನ ಮೂಟೆಗೆ ಬಿದ್ದೆದ್ದ ಹಾಗಿದ್ದರು.

“ಯಾರು ಗೆದ್ರು ಆಂಟಿ?” ಕನ್ನಡಕ ಕೇಳಿದ.

ಅಮ್ಮ ಬೇಕರಿ ಆಂಟಿಯ ಮುಖ ನೋಡಿದಳು. “ಯಾರೇ ಗೆದ್ದಿದ್ದು?”

“ನಂಗೇನ್ ಗೊತ್ತೇ ಮಾರಾಯ್ತಿ!” ಇಬ್ಬರೂ ಬಿದ್ದು ಬಿದ್ದು ನಕ್ಕರು.

ಗುಡುಗು ನಗಲಿಲ್ಲ. “ಅಮ್ಮಾ, ವಿಸಿಲ್ ಕೇಳ್ದಾಗ ತಿರುಗಿ ಯಾಕೆ ನೋಡ್ಲಿಲ್ಲ?”

“ತಿರುಗಿ ನೋಡೋಕೆ ಟೈಮೆಲ್ಲಿತ್ತು ಪುಟ್ಟಾ? ಅವಳು ನೋಡಿದ್ಲಲ್ಲ.”

ಅಮ್ಮ ಟೋಪಿ ಕೊಡವಿ ಹೊರಟಳು, ಏನೂ ಆಗಿಲ್ಲವೆಂಬಂತೆ. ತಾತನೂ ಆಕಳಿಸುತ್ತ ಹಿಂದೆ ನಡೆದರು.

ಪಾರ್ಕಿಂಗಿನಲ್ಲಿ ನೂರಾರು ಕಾರುಗಳು ಒಟ್ಟಿಗೇ ಹೊರಟಿದ್ದವು. ಕನ್ನಡಕನ ಶೂ ಲೇಸ್ ಬಿಚ್ಚಿತು. ಅವನು ಅಲ್ಲೇ ಬಗ್ಗಿದ.

“ಶೇಕ್‌ಹ್ಯಾಂಡ್ ಇಲ್ಲ, ಗೆದ್ದೋರು ಯಾರಂತಾನೂ ಗೊತ್ತಿಲ್ಲ. ನಾಳೆ ಕ್ಲಾಸಲ್ಲಿ ಏನೇ ಹೇಳ್ತೀಯ?”

ಗುಡುಗು ಅವನ ಎದುರಿಗೆ ಬಂದು ನಿಂತಳು. ಅವನ ತಲೆಯ ಮೇಲಿಂದ, ಅವನಿಗೆ ಕಾಣದ ಕಡೆಗೆ ಕಣ್ಣಿಟ್ಟಳು.

“ನಿಧಾನಕ್ಕೆ ಕಟ್ಕೋ” ಎಂದಳು, ಎಂದೂ ಇಲ್ಲದಷ್ಟು ಮೆಲ್ಲಗೆ. “ನಾನು ನೋಡ್ತಿದೀನಿ.”