ಬುಡೇನ್ ಚಾಚಾನ ದನಿ

"ಮಂಡಕ್ಕಿ ಹುರಿಯೋನ ತಲೇಲಿ ಇಂಥ ನಡೆ ಹುಟ್ಟುತ್ತೇನೋ? ಕಿವೀಲಿ ಯಾರನ್ನ ಕೂರಿಸ್ಕೊಂಡಿದೀಯ?"

ಮೈಸೂರಿನ ಚದುರಂಗ ಪಂದ್ಯದಲ್ಲಿ, ಮುನ್ನೂರು ಜನರೆದುರು ತೀರ್ಪುಗಾರ ಶ್ರೀನಿಧಿ ಹೀಗೆಂದಾಗ ದಾದಾಪೀರನ ಹಣೆಯ ಪಟ್ಟಿ ಕೆಂಪಗೆ ಉರಿಯುತ್ತಿತ್ತು. 2051ರಲ್ಲಿ ಆ ಪಟ್ಟಿ ಕಟ್ಟದೆ ಯಾರೂ ಆಡುವಂತಿರಲಿಲ್ಲ. ಹಲ್ಲಿನೊಳಗೆ ಯಂತ್ರ ಅಡಗಿಸಿಕೊಂಡು ನಡೆ ಕೇಳಿಸಿಕೊಳ್ಳುವ ಕಳ್ಳರನ್ನು ಹಿಡಿಯಲೆಂದು ಡಾ. ವಿಶಾಲಾಕ್ಷಿ ಕಲ್ಮಠ ಅದನ್ನು ಕಂಡುಹಿಡಿದಿದ್ದರು. ಮಾತು ಕೇಳುವಾಗ ಮಿದುಳಿನ ಯಾವ ಭಾಗ ಚುರುಕಾಗುತ್ತದೋ ಅದನ್ನು ಪಟ್ಟಿ ಗುರುತಿಸುತ್ತಿತ್ತು. ಕೆಂಪಾದರೆ ಆಜೀವ ನಿಷೇಧ.

ಆಟವೂ ಅನುಮಾನ ಹುಟ್ಟಿಸುವಂಥದ್ದೇ. ಎರಡನೇ ನಡೆಗೆ ಕಾಲಾಳು ಬಲಿ, ಐದನೆಯದಕ್ಕೆ ಕುದುರೆಯನ್ನೂ ಹೊಡೆತಕ್ಕೆ ಬಿಟ್ಟು ರಾಜನಿಗೆ ಕೋಟೆ. ಎದುರಾಳಿ ಬೆವರುತ್ತಿದ್ದ. ಇದೊಂದು ಗೆದ್ದರೆ, ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ದೇಶದ ತಂಡದಲ್ಲಿ.

ಕಲ್ಮಠ ಹತ್ತಿರ ಬಂದು ಮೆತ್ತಗೆ ಕೇಳಿದರು. "ಯಾರಪ್ಪ ನಿನಗೆ ಹೇಳ್ತಿರೋದು?"

"ನಮ್ ಬುಡೇನ್ ಚಾಚಾ ಮೇಡಂ. ಯಾವಾಗ್ಲೂ ಅವ್ನೇ ಹೇಳಾದು."

ಸಭೆ ಗೊಳ್ಳೆಂದು ನಕ್ಕಿತು. "ಬಾಯಿಬಿಟ್ಟ ನೋಡಿ ಸ್ವಾಮಿ!" ಎಂದು ಶ್ರೀನಿಧಿ ಗಡಿಯಾರ ನಿಲ್ಲಿಸಿದ. ಕಲ್ಮಠ ನಿಷೇಧದ ಆದೇಶಕ್ಕೆ ಸಹಿ ಹಾಕಿದರು. ಆ ಚಾಚಾ ಎಲ್ಲಿದ್ದಾನೆ ಎಂದು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ.

ಕೇಳಿದ್ದು ಮೂರು ತಿಂಗಳ ಮೇಲೆ, ಇನ್ನೂ ಆರು ಆಟಗಾರರ ಪಟ್ಟಿ, ಹಲ್ಲಲ್ಲಿ ಯಂತ್ರವಿಲ್ಲದೆಯೂ, ಹಾಗೇ ಕೆಂಪಾದಾಗ. ದಾದಾಪೀರನನ್ನು ಹುಡುಕಿಕೊಂಡು ಕಲ್ಮಠ ಬಂದ ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಇಬ್ಬರು ಬಾಣಲೆ ತಿರುವುತ್ತಲೇ, ಹಲಗೆಯಿಲ್ಲದೆ, ಕಾಯಿಯಿಲ್ಲದೆ, ಕೂಗಿ ಕೂಗಿ ಆಡುತ್ತಿದ್ದರು. "ಒಂಟೆ ಬಂತಲೇ, ನಿನ್ ರಾಜನ್ನ ಎತ್ಕಂಡು ಓಡು!" ಕೈಗೆ ಬಿಡುವಿಲ್ಲದವರ ಚದುರಂಗ.

"ಬುಡೇನ್ ಸಾಬರು ಯಾರು?"

ಮುದುಕಿಯೊಬ್ಬಳು ಜರಡಿ ನಿಲ್ಲಿಸಿದಳು. "ನನ್ ಗಂಡ. ಹೋಗಿ ನಾಕ್ ವರ್ಷ ಆತು ತಾಯಿ. ಪೀರಂಗೆ ಆಟ ಕಲ್ಸಿದ್ದು ಅವ್ರೇ, ಹಿಂಗೇ ಕೂಗಿ ಕೂಗಿ. ಮೈಸೂರಿಂದ ಬಂದಾಗ್ನಿಂದ ಚಾಚಾ ಮಾತಾಡವಲ್ಲ ಅಂತಾನೆ. ಜನ ನಕ್ಕಿದ್ದೇ ಕೇಳ್ತತಂತೆ."

ಪಟ್ಟಿ ಹಿಡಿದದ್ದು ಯಂತ್ರವನ್ನಲ್ಲ, ನೆನಪಿನ ದನಿಯನ್ನು ಎಂದು ಕಲ್ಮಠರಿಗೆ ಹೊಳೆಯಿತು. ಎರಡು ಸಾವಿರ ಆಟಗಾರರ ಮೇಲೆ ಪಟ್ಟಿಯನ್ನು ಪರೀಕ್ಷಿಸಿದ್ದರು. ಅವರೆಲ್ಲ, ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕಂಪ್ಯೂಟರ್ ತೆರೆಯ ಮುಂದೆ ಕೂರಿಸಿ, ಎಷ್ಟು ಚುರುಕು ಎಂದು ನಾವೆಲ್ಲ ಮೆಚ್ಚಿಕೊಂಡ ಕಾಲದಲ್ಲಿ ಕಲಿತವರು. ಅವರ ತಲೆಯಲ್ಲಿ ಯಾರ ದನಿಯೂ ಇರಲಿಲ್ಲ. ಆ ಮೌನವನ್ನೇ ಕಲ್ಮಠ ಪ್ರಾಮಾಣಿಕತೆಯೆಂದು ಅಳೆದಿದ್ದರು.

ದಾದಾಪೀರ ಚೀಲ ಹೊತ್ತು ಹೊರಬಂದ.

"ತಪ್ಪು ನನ್ನದಪ್ಪ. ನಿಷೇಧ ತೆಗೆಸ್ತೀನಿ. ಮತ್ತೆ ಆಡ್ತೀಯಾ?"

ಅವನು ನಿಂತ. ಒಲೆಯ ಕಡೆಯಿಂದಲೂ ಕೂಗು ಬಂತು: "ಪೀರಾ, ನೀನಾಗಿದ್ರೆ ಏನ್ ನಡೆಸ್ತಿದ್ದಲೇ?"

ಅವನು ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿದ. ಚಾಚಾನ ದನಿಗೆ ಕಿವಿಗೊಟ್ಟ; ಕೇಳಿಸಿದ್ದು ಮೈಸೂರಿನ ಆ ನಗುವೇ, ನಡೆದುಹೋದ.