ಧೂಮಸೇನ ಕೊಟ್ಟ ಎರವಲು ಪಾತ್ರೆ

ಬಹಳ ಬಹಳ ಹಿಂದೆ, ನಮ್ಮ ನಿಮ್ಮ ಅಜ್ಜಂದಿರ ಅಜ್ಜಂದಿರೂ ಹುಟ್ಟುವ ಮೊದಲು, ಹರಿವಾಣ ಅಂತ ಒಂದು ರಾಜ್ಯವಿತ್ತು. ಆ ರಾಜ್ಯದಲ್ಲಿ ರಾಜನ ಮಗ ರಾಜನಾಗುತ್ತಿರಲಿಲ್ಲ. ಏಳು ವರ್ಷಕ್ಕೊಮ್ಮೆ ಅರಮನೆಯ ಮುಂದೆ ಸಾಲಾಗಿ ಮಡಕೆ ಇಡುತ್ತಿದ್ದರು, ಒಬ್ಬೊಬ್ಬ ಉಮೇದುವಾರನಿಗೆ ಒಂದೊಂದು. ಮನೆಗೊಬ್ಬರು ಬಂದು ತಮಗೆ ಬೇಕಾದವನ ಮಡಕೆಗೆ ಒಂದು ಹಿಡಿ ಅಕ್ಕಿ ಹಾಕಿ ಹೋಗಬೇಕು. ಯಾರ ಮಡಕೆ ಮೊದಲು ತುಂಬುತ್ತದೋ ಅವನಿಗೆ ಕಿರೀಟ. ಒಳ್ಳೆಯ ಪದ್ಧತಿಯೇ, ಅಕ್ಕಿ ಹಾಕುವವರಿಗೆ ಬುದ್ಧಿ ಇರುವವರೆಗೆ.

ಅಲ್ಲಿ ಇನ್ನೊಂದು ಪದ್ಧತಿಯೂ ಇತ್ತು. ಪಕ್ಕದ ಮನೆಯಿಂದ ತಂದ ಪಾತ್ರೆಯನ್ನು ಯಾರೂ ಬರಿದಾಗಿ ಹಿಂದಕ್ಕೆ ಕೊಡುತ್ತಿರಲಿಲ್ಲ. ಒಂದು ಚೂರು ಬೆಲ್ಲವೋ, ಒಂದು ನಿಂಬೆಹಣ್ಣೋ, ಏನೂ ಇಲ್ಲದಿದ್ದರೆ ನಾಲ್ಕು ಕಾಳು ಅಕ್ಕಿಯೋ ಹಾಕಿ ಕೊಡಬೇಕು. ಮಕ್ಕಳಿಗೆ ಮಾತು ಬರುವ ಮೊದಲೇ ಇದನ್ನು ಕಲಿಸುತ್ತಿದ್ದರು.

ಆ ರಾಜಧಾನಿಯ ಅಂಚಿನ ಬೀದಿಯಲ್ಲಿ ಪುಟ್ಟೀರಮ್ಮ ಎಂಬ ಹೆಂಗಸು ರಾಗಿರೊಟ್ಟಿ ತಟ್ಟಿ ಮಾರಿಕೊಂಡು ಬದುಕುತ್ತಿದ್ದಳು. ಅವಳಿಗೆ ಒಬ್ಬಳೇ ಮಗಳು, ತಾಯಿಮುದ್ದಿ. ಪುಟ್ಟೀರಮ್ಮನಿಗೆ ಒಂದು ಹುಚ್ಚು. ಕಾಲು ಮುರಿದ ನಾಯಿ, ಕಣ್ಣು ಹೋದ ನಾಯಿ, ಯಾರೋ ಬಿಸಿನೀರು ಎರಚಿದ ನಾಯಿ, ಎಲ್ಲವನ್ನೂ ಎತ್ತಿಕೊಂಡು ಬಂದು ಅಂಗಳದಲ್ಲಿ ಸಾಕುತ್ತಿದ್ದಳು. ದಿನದ ಮೊದಲ ರೊಟ್ಟಿ ಅವಕ್ಕೆ. ಅವುಗಳಲ್ಲಿ ಮೋಟ ಎಂಬುದಕ್ಕೆ ಬಾಲ ಅರ್ಧ, ಕಾಲು ಮೂರು, ಬುದ್ಧಿ ಮಾತ್ರ ಪೂರ್ತಿ.

ಆ ವರ್ಷ ಧೂಮಸೇನ ಎಂಬ ಮಂತ್ರವಾದಿ ಉಮೇದುವಾರನಾಗಿ ನಿಂತ. ಹಿಂದಿನ ರಾಜ ಕೆರೆಯ ಏರಿ ಕಟ್ಟಿಸಿದ್ದೆ ಅಂದ, ಅವನ ಹಿಂದಿನವನು ರಸ್ತೆ ಮಾಡಿಸಿದ್ದೆ ಅಂದ. ಧೂಮಸೇನ ಮಾತ್ರ ಎತ್ತಿನ ಗಾಡಿಗಳ ಮೇಲೆ ಹೊಳೆಹೊಳೆಯುವ ಪಾತ್ರೆ ಹೇರಿಸಿಕೊಂಡು ಬಂದು ಮನೆಗೊಂದು ಕೊಟ್ಟ.

"ಬಿಟ್ಟಿ ಅಲ್ಲ ತಾಯಂದಿರಾ, ಎರವಲು," ಅಂದ. "ಒಂದು ಹಿಡಿ ಅಕ್ಕಿ ಹಾಕಿ, ಪಾತ್ರೆ ತುಂಬ ಅನ್ನ ತೆಗೀರಿ. ಸಾಕು ಅನ್ನಿಸಿದ ದಿನ ತಂದು ನನ್ನ ಅಂಗಳದಲ್ಲಿಡಿ. ಆದರೆ ಎರವಲು ಒಂದೇ ಸಲ, ಹಿಂದಿರುಗಿಸೋದೂ ಒಂದೇ ಸಲ. ನೆನಪಿರಲಿ."

ಸಾಕು ಅನ್ನಿಸುವುದು ಯಾರಿಗೆ? ಜನ ಒಂದು ಹಿಡಿ ಅಕ್ಕಿ ಪಾತ್ರೆಗೆ ಹಾಕಿದರು, ಇನ್ನೊಂದು ಹಿಡಿ ಅವನ ಮಡಕೆಗೆ ಹಾಕಿದರು. ಬೆಳಿಗ್ಗೆ ಇಟ್ಟ ಮಡಕೆ ಮಧ್ಯಾಹ್ನದೊಳಗೆ ತುಂಬಿ ಚೆಲ್ಲಿತು.

ಪುಟ್ಟೀರಮ್ಮ ಪಾತ್ರೆ ತೆಗೆದುಕೊಂಡಿರಲಿಲ್ಲ. ತೆಗೆದುಕೊಂಡವಳು ಮುದ್ದಿ.

"ಎಲ್ಲರ ಮನೇಲೂ ಐತೆ, ನಮ್ಮನೇಲಿ ಮಾತ್ರ ಯಾಕೆ ಬ್ಯಾಡ?" ಅಂತ ಅವ್ವನ ಜೊತೆ ಜಗಳ ಮಾಡಿ ತಂದಿಟ್ಟಳು. ಮಡಕೆಗೆ ಅಕ್ಕಿ ಹಾಕಿ ಬಂದವಳೂ ಅವಳೇ.

ಪಾತ್ರೆ ಮನೆಗೆ ಬಂದ ಗಳಿಗೆಯಿಂದ ಮೋಟ ಅದರ ಮುಂದೆ ಕೂತು ಬೊಗಳಿತು. ಮೋಟ ಒಂದೇ ಅಲ್ಲ, ಊರಿನ ಎಲ್ಲ ನಾಯಿಗಳೂ ಪಾತ್ರೆ ಕಂಡರೆ ಬೊಗಳುತ್ತಿದ್ದವು. ಧೂಮಸೇನ ಡಂಗುರ ಹೊಡೆಸಿದ: ನಾಯಿಗಳಿಗೆ ರೋಗ ಬಂದಿದೆ, ಹೊಳೆ ದಾಟಿಸಿ ಓಡಿಸಿ. ಓಡಿಸಿದವರಿಗೆ ಒಂದು ಮುಚ್ಚಳ ಇನಾಮು.

ಜನ ಮುಚ್ಚಳಕ್ಕಾಗಿ ನಾಯಿ ಓಡಿಸಿದರು. ಪಕ್ಕದ ಮನೆಯ ದೇವೀರಕ್ಕ ದಿನಾ ಬೇಲಿಯ ಮೇಲಿಂದ ಇಣುಕಿ ಹೇಳುತ್ತಿದ್ದಳು, "ಊರೋರೆಲ್ಲಾ ಓಡಿಸವ್ರೆ ಕಣೆ ಮುದ್ದಿ. ನಿಮ್ಮನೆ ಅಂಗಳ ನೋಡಿದ್ರೆ ಏನಂದ್ಕಂಡಾರು?" ಮುದ್ದಿಗೆ ನಾಚಿಕೆಯಾಯಿತು. ಅವ್ವ ರೊಟ್ಟಿ ಮಾರಲು ಸಂತೆಗೆ ಹೋದ ದಿನ ಒಂದು ಬಿದಿರು ಕೋಲು ತೆಗೆದುಕೊಂಡು ಎಲ್ಲ ನಾಯಿಗಳನ್ನೂ ಹೊಳೆಯವರೆಗೆ ಅಟ್ಟಿದಳು. ಮೋಟ ಮಾತ್ರ ಹೊಳೆಯ ಮಧ್ಯದವರೆಗೆ ಹೋಗಿ ತಿರುಗಿ ಬಂತು. ಅದರ ಬೆನ್ನಿಗೆ ಎರಡು ಏಟು ಹಾಕಿದಳು. ಆಗ ಹೋಯಿತು.

ಸಂಜೆ ಮನೆಗೆ ಬಂದ ಪುಟ್ಟೀರಮ್ಮ ಖಾಲಿ ಅಂಗಳ ನೋಡಿದಳು. ಮಗಳನ್ನು ಬಯ್ಯಲಿಲ್ಲ. ಮರುದಿನ ಅರಮನೆಯ ಮುಂದೆ ಹೋಗಿ ನಿಂತು ಒಂದೇ ಒಂದು ಪ್ರಶ್ನೆ ಕೇಳಿದಳು.

"ಬುದ್ಧೀ, ಒಂದು ಹಿಡಿ ಹಾಕಿದ್ರೆ ಪಾತ್ರೆ ತುಂಬ್ತದಲ್ಲಾ, ಮಿಕ್ಕ ಅಕ್ಕಿ ಎಲ್ಲಿಂದ ಬತ್ತದೆ?"

ಧೂಮಸೇನ ನಕ್ಕ. ಚಪ್ಪಾಳೆ ತಟ್ಟಿದ. ಪುಟ್ಟೀರಮ್ಮ ನಿಂತ ಜಾಗದಲ್ಲಿ ರೊಟ್ಟಿ ಸುಡುವ ಒಂದು ಕಾವಲಿ ಬಿದ್ದಿತ್ತು. ಭಟರು ಅದನ್ನು ಎತ್ತಿಕೊಂಡು ಒಳಗೆ ಹೋದರು. ಹೀಗೆ ಪ್ರಶ್ನೆ ಕೇಳಿ ಸೌಟಾದವರು, ಕೊಳಗವಾದವರು, ಈಳಿಗೆಮಣೆಯಾದವರು ಅರಮನೆಯ ಅಡುಗೆಮನೆಯಲ್ಲಿ ಆಗಲೇ ಸಾವಿರ ಜನ ಇದ್ದರು. ನೋಡುತ್ತಿದ್ದ ಊರಿನವರು ಮನೆಗೆ ಹೋಗಿ ಊಟ ಮಾಡಿದರು. ಅವ್ವ ಯಾವ ಪಾತ್ರೆಯಾದಳು ಅಂತ ಮುದ್ದಿಗೆ ಒಬ್ಬರೂ ಬಾಯಿಬಿಟ್ಟು ಹೇಳಲಿಲ್ಲ.

ತಾನು ನ್ಯಾಯವಂತ ಅಂತ ತೋರಿಸಿಕೊಳ್ಳುವ ಆಸೆ ಧೂಮಸೇನನಿಗೂ ಇತ್ತು. ಅದಕ್ಕೆ ಒಂದು ಕಟ್ಟಳೆ ಮಾಡಿದ್ದ. ಎರಡು ಬಾಗಿಲ ಕಾವಲುಮೃಗಗಳನ್ನು ದಾಟಿ ಮೂರನೆಯ ಬಾಗಿಲೊಳಗೆ ಬಂದವರು ಒಂದು ಪಾತ್ರೆ ಮುಟ್ಟಬಹುದು. ತಮ್ಮವರೇ ಆಗಿದ್ದರೆ ಒಯ್ಯಬಹುದು. ತಪ್ಪಿದರೆ ತಾವೂ ಪಾತ್ರೆ.

ಮುದ್ದಿ ಎರಡು ದಿನ ಅತ್ತಳು. ಮೂರನೆಯ ದಿನ ಬುತ್ತಿ ಕಟ್ಟಿಕೊಂಡು, ಆ ಬಿದಿರು ಕೋಲನ್ನೇ ಊರಿಕೊಂಡು ಹೊಳೆ ದಾಟಿದಳು. ಸಾವಿರ ಪಾತ್ರೆಗಳಲ್ಲಿ ಅವ್ವ ಯಾವುದು ಅಂತ ಮೂಸಿ ಹೇಳಬಲ್ಲದ್ದು ಲೋಕದಲ್ಲಿ ಒಂದೇ ಇತ್ತು. ಮೋಟ ಆಚೆ ದಡದ ಬಂಡೆಯ ಮೇಲೆ ಊರಿನ ಕಡೆ ಮುಖ ಮಾಡಿ ಕೂತಿತ್ತು. ಅವಳನ್ನು ಕಂಡು ಅರ್ಧ ಬಾಲ ಅಲ್ಲಾಡಿಸಿತು. ಅದಕ್ಕೆ ಸಿಟ್ಟೇ ಇರಲಿಲ್ಲ. ಇದ್ದಿದ್ದರೆ ಮುದ್ದಿಗೆ ಅಷ್ಟು ನೋವಾಗುತ್ತಿರಲಿಲ್ಲ. ಆದರೆ ದಾರಿಯುದ್ದಕ್ಕೂ ಕೋಲಿನಿಂದ ಹತ್ತು ಮಾರು ದೂರದಲ್ಲೇ ನಡೆಯಿತು.

ಅರಮನೆಯ ಮೊದಲ ಬಾಗಿಲಲ್ಲಿ ಹೊಟ್ಟೆಯ ಜಾಗದಲ್ಲಿ ಒರಳುಕಲ್ಲಿದ್ದ ಕರಡಿ ಕೂತಿತ್ತು. ಕಲ್ಲು ಗುಡುಗುಡು ತಿರುಗುತ್ತಿತ್ತು.

"ಅರೆಯೋಕೆ ಏನಾದ್ರೂ ಹಾಕು," ಅಂತು ಕರಡಿ, "ಇಲ್ಲಾಂದ್ರೆ ನಿನ್ನನ್ನೇ ಅರೀತೀನಿ."

ಮುದ್ದಿ ಬುತ್ತಿಯನ್ನೆಲ್ಲ ಅದರ ಹೊಟ್ಟೆಗೆ ಸುರಿದಳು. ಕರಡಿ ದಾರಿ ಬಿಟ್ಟಿತು.

ಎರಡನೆಯ ಬಾಗಿಲಲ್ಲಿ ಒಲೆಬಾಯಿಯ ಹುಲಿ. ಬಾಯೊಳಗೆ ಕೆಂಡ ನಿಗಿನಿಗಿ ಅನ್ನುತ್ತಿತ್ತು.

"ಸೌದೆ ಹಾಕು," ಅಂತು ಹುಲಿ, "ಇಲ್ಲಾಂದ್ರೆ ನಿನ್ನನ್ನೇ ಸುಡ್ತೀನಿ."

ಮುದ್ದಿಯ ಕೈಯಲ್ಲಿ ಇದ್ದದ್ದು ಕೋಲು ಒಂದೇ. ಮುರಿದು ಅದರ ಬಾಯಿಗೆ ಹಾಕಿದಳು. ಬಿದಿರು ಚಟಚಟ ಉರಿದು ಬೂದಿಯಾಯಿತು, ಹುಲಿ ದಾರಿ ಬಿಟ್ಟಿತು. ಆಗ ಮೋಟ ಕುಂಟುತ್ತ ಹತ್ತಿರ ಬಂದು ಅವಳ ಕಾಲಿಗೆ ಒರಗಿ ನಿಂತಿತು.

ಮೂರನೆಯ ಬಾಗಿಲೊಳಗೆ ಅಡುಗೆಮನೆ. ಸಾವಿರ ಪಾತ್ರೆಗಳ ನಡುವೆ ಧೂಮಸೇನ ಕೂತಿದ್ದ. ಎದುರಿಗೇ ಒಂದು ತಾಮ್ರದ ಕೊಡ ಥಳಥಳ ಹೊಳೆಯುತ್ತಿತ್ತು. ಅದರ ಕಂಠದ ಮೇಲೆ ಚುಕ್ಕಿ ಚುಕ್ಕಿಯಾಗಿ ಕೆತ್ತಿತ್ತು: ಪುಟ್ಟೀರಮ್ಮ.

"ಹೆಸರೇ ಬರೆದಿದೆಯಲ್ಲ ತಾಯಿ," ಅಂದ ಧೂಮಸೇನ. "ಇನ್ನೇನು ಯೋಚನೆ?"

ಮುದ್ದಿ ಕೈ ಚಾಚಿದಳು. ಮೋಟ ಕೊಡದ ಕಡೆ ತಿರುಗಿಯೂ ನೋಡಲಿಲ್ಲ. ಮೂಲೆಯ ಬೂದಿಗುಡ್ಡೆಯ ಹತ್ತಿರ ಹೋಗಿ, ಮಸಿ ಹಿಡಿದ, ಅಂಚು ಸವೆದ ಕಾವಲಿಯೊಂದರ ಪಕ್ಕದಲ್ಲಿ ಮೈಚಾಚಿ ಮಲಗಿ ನಿಟ್ಟುಸಿರು ಬಿಟ್ಟಿತು. ಅವ್ವನ ಪಕ್ಕದಲ್ಲಿ ಅದು ಮಲಗುತ್ತಿದ್ದದ್ದು ಹಾಗೆಯೇ. ಮುದ್ದಿ ಕೊಡ ಬಿಟ್ಟು ಕಾವಲಿ ಮುಟ್ಟಿದಳು. ಧೂಮಸೇನನ ಮುಖ ಕಪ್ಪಿಟ್ಟಿತು.

"ಒಯ್ಯಿ," ಅಂದ. "ಒಯ್ಯಬಹುದು ಅಂದಿದ್ದೆ. ಮನುಷ್ಯಳಾಗ್ತಾಳೆ ಅಂತ ಎಲ್ಲಿ ಹೇಳಿದ್ದೆ?"

ನ್ಯಾಯವಂತರ ಮಾತು ಹೀಗೆಯೇ ಇರುತ್ತದೆ.

ಮುದ್ದಿ ಕಾವಲಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ಬಂದಳು. ಬೇರೇನೂ ತೋಚದೆ ಒಲೆ ಹೊತ್ತಿಸಿ, ಕಾವಲಿ ಇಟ್ಟು, ಅವ್ವ ಮಾಡುತ್ತಿದ್ದಂತೆ ನೀರು ಚಿಮುಕಿಸಿದಳು. ಕಾವಲಿ ಚುಂಯ್ ಅಂತು. ಆಮೇಲೆ ಮಾತಾಡಿತು.

"ಮಗಾ, ಅಕ್ಕಿ ಎಲ್ಲಿಂದ ಬತ್ತದೆ ಅಂತ ಅಡುಗೆಮನೇಲಿ ಕೂತು ನೋಡ್ದೆ. ನಮ್ಮ ಪಾತ್ರೆಗೆ ದೇವೀರಿ ಬತ್ತ ತುಂಬಿಡೋ ವಾಡೆಯಿಂದ, ಅವಳ ಪಾತ್ರೆಗೆ ನಮ್ಮ ವಾಡೆಯಿಂದ. ಅವನು ತನ್ನದು ಅಂತ ಒಂದು ಕಾಳೂ ಕೊಟ್ಟಿಲ್ಲ."

"ನೀನು ವಾಪಸ್ ಬರೋದು ಹೆಂಗವ್ವಾ?"

"ಪಾತ್ರೆಗಳನ್ನೆಲ್ಲ ಒಂದೇ ದಿನ ಅವನ ಅಂಗಳದಲ್ಲಿ ಇಡಬೇಕು. ಬರಿದಾಗಿ ಇಡಬೇಕು ಕಣವ್ವಾ. ಒಳಗೆ ಒಂದು ಕಾಳಿದ್ದರೂ ಕೊಟ್ಟು ತರೋ ನಂಟು ಉಳೀತದೆ, ನಂಟು ಉಳಿದ ಮನೆಯೋರ ಮೇಲೆ ಮಾಯೆನೂ ಉಳೀತದೆ. ಬರಿದಾಗಿ ಕೊಡದ ನಮ್ಮ ಕೈ ಅವನಿಗೆ ಗೊತ್ತು. ಅದಕ್ಕೇ ಎರವಲು ಅಂದದ್ದು."

ಮುದ್ದಿ ದೇವೀರಕ್ಕನ ಮನೆಗೆ ಓಡಿ ಅವಳ ವಾಡೆಯೊಳಗೆ ಕೈ ಇಳಿಸಿದಳು. ಮೇಲೆ ಒಂದು ಗೇಣು ಬತ್ತ, ಕೆಳಗೆ ಬರೀ ಗಾಳಿ. ದೇವೀರಕ್ಕ ಬಂದು ಮುದ್ದಿಯ ವಾಡೆ ನೋಡಿದಳು. ಅಲ್ಲೂ ಅಷ್ಟೆ.

"ಅಯ್ಯೋ ಮುದ್ದಿ," ಅಂತ ದೇವೀರಕ್ಕ ಅಲ್ಲೇ ಕುಸಿದು ಕೂತಳು, "ಇಷ್ಟು ದಿನ ನಾನು ಉಂಡದ್ದು ನಿನ್ನದೇನೆ?"

"ನಾನು ಉಂಡದ್ದು ನಿನ್ನದು ಕಣಕ್ಕಾ."

ಸುದ್ದಿ ಮನೆ ಮನೆಗೆ ಹೋಯಿತು. ಜನ ಬುದ್ಧಿ ಬಂದು ಎದ್ದರು ಅಂತ ಹೇಳಲಾರೆ. ವಾಡೆಯ ತಳ ಕಂಡು ಎದ್ದರು.

ಮರುದಿನ ಬೆಳಿಗ್ಗೆಯೇ ಎಲ್ಲರೂ ಪಾತ್ರೆ ತೊಳೆದು ಹೊತ್ತುಕೊಂಡು ಹೊರಟರು. ಮುದ್ದಿಯೂ ತನ್ನ ಪಾತ್ರೆಯನ್ನು ಬೂದಿ ಹಾಕಿ ಬೆಳಗಿ, ತೊಳೆದು, ಮುಚ್ಚಳ ಮುಚ್ಚಿದಳು. ಬಗಲಲ್ಲಿ ಕಾವಲಿ ಇದ್ದುದರಿಂದ ಪಾತ್ರೆಯನ್ನು ದೇವೀರಕ್ಕನ ಕೈಗೆ ಕೊಟ್ಟು, ತಾನು ಓಡಿಹೋಗಿ ಅರಮನೆಯ ಅಂಗಳದ ಬಾಯಲ್ಲಿ ನಿಂತಳು. ಮಹಡಿಯ ಮೇಲೆ ಧೂಮಸೇನ ಕೈಕಟ್ಟಿ ನೋಡುತ್ತಿದ್ದ. ಅವನ ಮುಖದಲ್ಲಿ ಹೆದರಿಕೆ ಇರಲಿಲ್ಲ.

ಮೊದಲ ಪಾತ್ರೆಯ ಮುಚ್ಚಳ ತೆಗೆದರೆ ಒಳಗೆ ನಿಂಬೆಹಣ್ಣು.

"ಬರಿದಾಗಿ ತನ್ನಿ ಅಂತ ಬಾಯಿ ಬಡ್ಕಂಡೆನಲ್ಲಾ!" ಅಂತ ಮುದ್ದಿ ಕಿರುಚಿದಳು.

"ಹೆಂಗವ್ವಾ ಬರಿದಾಗಿ ಕೊಡೋದು? ಕೈ ಬರಲಿಲ್ಲ," ಅಂದ ಆ ಮುದುಕ.

ಎರಡನೆಯದರಲ್ಲಿ ಅರಿಸಿನದ ಕೊಂಬು. ಮೂರನೆಯದರಲ್ಲಿ ಉಪ್ಪು. ಹತ್ತರಲ್ಲಿ ಒಂಬತ್ತು ಹೀಗೇ. ತಮ್ಮನ್ನು ಸುಲಿದು ತಿಂದವನಿಗೂ ಬರಿದಾದ ಪಾತ್ರೆ ಕೊಡಲು ನಾಚಿಕೊಳ್ಳುವ ಜನ! ಮುದ್ದಿ ಒಂದೊಂದನ್ನೂ ಬೋರಲು ಹಾಕಿ, ಸೆರಗಿನಿಂದ ಒರೆಸಿ, ಬಯ್ದು ಒಳಗೆ ಬಿಟ್ಟಳು. ಪಕ್ಕದಲ್ಲಿ ಮೋಟ ಬಂದ ಪಾತ್ರೆಗೆಲ್ಲ ಬೊಗಳುತ್ತಲೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಅವಳ ಕೈ ಬಾತುಕೊಂಡಿತ್ತು, ಗಂಟಲು ಕಟ್ಟಿತ್ತು, ಕಿವಿ ಗುಂಯ್‌ಗುಟ್ಟುತ್ತಿತ್ತು.

ಕಟ್ಟಕಡೆಗೆ ದೇವೀರಕ್ಕ ಬಂದಳು. ಅವಳ ಪಾತ್ರೆಯಿಂದ ಮುದ್ದಿ ನಾಲ್ಕು ಕಾಳು ಅಕ್ಕಿ ಕೊಡವಿದಳು. ಉಳಿದದ್ದು ಮುದ್ದಿಯದೇ ಪಾತ್ರೆ. ಮೋಟ ಅದರ ಮೇಲೆ ಎಗರಿ ಬೊಗಳಿತು. ಮುದ್ದಿಯ ಸೀರೆ ಕಚ್ಚಿ ಹಿಡಿದು ಎಳೆಯಿತು.

"ನಮ್ಮನೇದೇ ಕಣೋ, ಸುಮ್ನಿರು!" ಅಂತ ಮುದ್ದಿ ಕಾಲಿನಿಂದ ಅದನ್ನು ಆಚೆ ತಳ್ಳಿದಳು. "ನಾನೇ ತೊಳ್ದಿದ್ದೀನಿ."

ದೇವೀರಕ್ಕ ಎರಡೂ ಪಾತ್ರೆಗಳನ್ನು ಒಯ್ದು ಅಂಗಳದಲ್ಲಿಟ್ಟಳು.

ಕೂಡಲೇ ಅರಮನೆ ನಡುಗಿತು. ಕರಡಿ ಬರೀ ಕಲ್ಲಾಯಿತು, ಹುಲಿ ತಣ್ಣಗಿನ ಒಲೆಯಾಯಿತು. ಧೂಮಸೇನ ಕಾಲಿನಿಂದ ಮೇಲಕ್ಕೆ ಮಸಿಯಾಗುತ್ತ ಬಂದು, ಕಡೆಗೆ ಗೋಡೆಯ ಮೇಲೆ ಒಂದು ಕಪ್ಪು ಕಲೆಯಾಗಿ ಉಳಿದ. ಅಡುಗೆಮನೆಯಿಂದ ಜನ ಹೊರಗೆ ಓಡಿಬಂದರು. ಸೌಟು ಯಾರದೋ ಅಪ್ಪನಾಗಿತ್ತು, ಕೊಳಗ ಯಾರದೋ ತಂಗಿಯಾಗಿತ್ತು. ಅಂಗಳದ ತುಂಬ ಅಳು, ನಗು, ತಬ್ಬಿಕೊಳ್ಳುವುದು.

ಮುದ್ದಿ ಬಗಲಿನ ಕಾವಲಿಯನ್ನು ನೆಲದ ಮೇಲಿಟ್ಟು ಕಾದಳು. ಕಾವಲಿ ಕಾವಲಿಯಾಗಿಯೇ ಇತ್ತು.

ಮೋಟ ತನ್ನ ಮನೆಯ ಪಾತ್ರೆಯ ಹತ್ತಿರ ಹೋಗಿ ಮೂತಿಯಿಂದ ಮುಚ್ಚಳ ತಳ್ಳಿತು. ಒಳಗೆ ಹೆಬ್ಬೆರಳಿನಷ್ಟು ಬೆಲ್ಲ. ಬೆಳಿಗ್ಗೆ ಪಾತ್ರೆ ತೊಳೆದು ಮುಚ್ಚಳ ಮುಚ್ಚುವ ಮುಂಚೆ ಅವಳ ಕೈ ತಾನಾಗಿಯೇ ಬೆಲ್ಲದ ಡಬ್ಬಿಗೆ ಹೋಗಿ ಬಂದಿತ್ತು. ಅವ್ವ ಕಲಿಸಿದ ಕೈ. ಅವಳಿಗೆ ಅದು ನೆನಪೂ ಇರಲಿಲ್ಲ. ಬೆಲ್ಲ ತೆಗೆದೆಸೆದು, ಪಾತ್ರೆಯನ್ನು ಉಜ್ಜಿ ಉಜ್ಜಿ ಮತ್ತೆ ಇಟ್ಟಳು. ಏನು ಫಲ? ಎರವಲು ಹಿಂದಿರುಗಿಸುವುದು ಒಂದೇ ಸಲ. ಮತ್ತೆ ಕೊಡೋಣವೆಂದರೆ ಈಸಿಕೊಳ್ಳುವವನೇ ಇಲ್ಲ. ಮುದ್ದಿ ಕಾವಲಿಯ ಮೇಲೆ ಬಿದ್ದು, ಊರೇ ನಗುತ್ತಿದ್ದ ಆ ಅಂಗಳದಲ್ಲಿ ಒಬ್ಬಳೇ ಗೋಳೋ ಅಂತ ಅತ್ತಳು.

ಆಮೇಲೆ ಹರಿವಾಣದ ಜನರೆಲ್ಲ ಸುಖವಾಗಿ ಬಾಳಿದರು. ವಾಡೆಗಳು ಮೆಲ್ಲಗೆ ತುಂಬಿದವು. ಹೊಳೆಯ ದಡಕ್ಕೆ ಹೋಗಿ ನಾಯಿಗಳನ್ನು ಕೂಗಿದರು, ಒಂದೂ ಬರಲಿಲ್ಲ. ಏಳು ವರ್ಷದ ಮೇಲೆ ಹೊಸ ಉಮೇದುವಾರನೊಬ್ಬ ಗಾಡಿಯ ತುಂಬ ಹೊಳೆಯುವ ಮುಚ್ಚಳ ಹೇರಿಕೊಂಡು ಬಂದ. ಜನ ಸಾಲಾಗಿ ನಿಂತರು. ಆ ಸಾಲಿನಲ್ಲಿ ದೇವೀರಕ್ಕನೂ ಇದ್ದಳು.

ಮುದ್ದಿ ಇರಲಿಲ್ಲ. ಅವಳು ಒಲೆಯ ಮುಂದೆ ಇದ್ದಳು. ಕಾವಲಿಯ ಮೇಲೆ ನೀರು ಚಿಮುಕಿಸಿದರೆ ಅವ್ವ ಈಗಲೂ ಮಾತಾಡುತ್ತಾಳೆ, ಕಾವು ಇರುವವರೆಗೆ.

"ಅವ್ವಾ, ತುಂಬಾ ಸುಡ್ತದಾ?" ಅಂತ ಮಗಳು ದಿನಾ ಕೇಳುತ್ತಾಳೆ.

"ಇಲ್ಲ ಮಗಾ, ತಟ್ಟು," ಅನ್ನುತ್ತಾಳೆ ತಾಯಿ. "ಮೊದಲನೇದು ಮೋಟನಿಗೆ ಹಾಕು."